ರ್ಯಾಕ್ ಬದಲಿಸುವ ಮೊದಲು ಬೂಟ್ ಬಿಚ್ಚಿ ನೋಡಿ

ಕಾರಿನ ಎಡಗಡೆ ಮುಂದಿನ ಚಕ್ರದಿಂದ ಕಟಕಟ ಸದ್ದು ಬರುತ್ತಿತ್ತು. ಗುಂಡಿಗೆ ಇಳಿದಾಗೆಲ್ಲ ಸ್ಟೀರಿಂಗ್ ಹಿಡಿದ ಕೈಗೆ ಸಣ್ಣ ಏಟು. ನಾನೀಗ ಇರುವ ಕಡೆ ಗ್ಯಾರೇಜಿಗೆ ಹೋದರೆ, ಇಡೀ ಪವರ್ ಸ್ಟೀರಿಂಗ್ ರ್ಯಾಕ್ (ಸ್ಟೀರಿಂಗ್ ತಿರುಗಿಸಿದಂತೆ ಎಡಬಲಕ್ಕೆ ಸರಿದು ಚಕ್ರ ತಿರುಗಿಸುವ ಹಲ್ಲಿನ ಸರಳಿನ ಜೋಡಣೆ) ಬದಲಿಸಬೇಕು ಅಂದರು. ಅದರ ತುದಿಯ ಜಾಯಿಂಟ್ ಮುಚ್ಚುವ ರಬ್ಬರ್ ಹೊದಿಕೆ, ಅಂದರೆ ಬೂಟ್ ಸಹ ಬಿಚ್ಚಿ ನೋಡಿರಲಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ.

ಕರ್ನಾಟಕ ಬಿಡುವ ಮುಂಚೆ ನಾನು ನೋಡಿದ ಮೆಕ್ಯಾನಿಕ್‌ಗಳ ಕ್ರಮ ಬೇರೆ. ಮೊದಲು ಜ್ಯಾಕ್ ಹಾಕಿ ಚಕ್ರ ಎತ್ತುತ್ತಿದ್ದರು. ಗಡಿಯಾರದ 3 ಮತ್ತು 9 ಇರುವ ಜಾಗದಲ್ಲಿ ಎರಡೂ ಕೈಯಿಂದ ಹಿಡಿದು ಅಲ್ಲಾಡಿಸುತ್ತಿದ್ದರು. ಅಲ್ಲಿ ಪ್ಲೇ (ಸಡಿಲ ಅಲ್ಲಾಟ) ಇದ್ದು, 12 ಮತ್ತು 6ರಲ್ಲಿ ಇಲ್ಲದಿದ್ದರೆ, ರ್ಯಾಕನ್ನು ಚಕ್ರದ ಕಡೆಗೆ ಸೇರಿಸುವ ಟೈ ರಾಡ್ ಮೇಲೆ ಅನುಮಾನ. ಎರಡು ಕಡೆಯೂ ಆಡಿದರೆ ವೀಲ್ ಬೇರಿಂಗನ್ನೂ ನೋಡಬೇಕು. ಒಬ್ಬರು ಚಕ್ರ ಅಲ್ಲಾಡಿಸುವಾಗ ಇನ್ನೊಬ್ಬರು ಹೊರಗಿನ ಟೈ ರಾಡ್ ಎಂಡ್ ಮೇಲೆ ಬೆರಳಿಡುತ್ತಾರೆ. ಆಮೇಲೆ ಬೂಟನ್ನು ಹಿಸುಕಿ ಟೈ ರಾಡಿನ ಒಳಗಿನ ಜಾಯಿಂಟ್ ಹಿಡಿಯುತ್ತಾರೆ. ಸವೆದದ್ದು ಯಾವುದೋ ಅದು ಬೆರಳಿಗೇ ಟಕ್ ಅಂತ ತಾಗುತ್ತದೆ. ಈ ಐದು ನಿಮಿಷದ ಕೆಲಸವನ್ನು ಯಾರೂ ಬಿಡಬಾರದು ಅನ್ನೋದು ನನ್ನ ಮಾತು.

ನಾನು ಹಟ ಹಿಡಿದು ಬೂಟ್ ಬಿಚ್ಚಿಸಿದೆ. ಒಳಗೆ ಗ್ರೀಸ್ ಇತ್ತು, ಅದು ಇರಲೇಬೇಕು. ಸ್ಟೀರಿಂಗ್ ಆಯಿಲ್ ಇರಲಿಲ್ಲ. ಆಯಿಲ್ ಸುರಿದಿದ್ದರೆ ರ್ಯಾಕಿನ ಸೀಲ್ ಹೋಗಿದೆ ಅಂತ ಅರ್ಥ, ಆಗ ಬರೀ ಟೈ ರಾಡ್ ಹಾಕಿ ಪ್ರಯೋಜನವಿಲ್ಲ. ನನ್ನ ಕಾರಲ್ಲಿ ಸಡಿಲವಾಗಿದ್ದದ್ದು ಒಳಗಿನ ಜಾಯಿಂಟ್ ಒಂದೇ.

ಹಾಗಂತ ನಮ್ಮ ಕಡೆಯದೆಲ್ಲ ಸರಿ ಅನ್ನಲಾರೆ. ಅಲ್ಲಿ ಎಷ್ಟೋ ಸಲ ರ್ಯಾಕನ್ನು ಹಿಡಿಯದೆ, ದೊಡ್ಡ ಪೈಪ್ ರೆಂಚ್ ಹಾಕಿ ಒಳ ಜಾಯಿಂಟ್ ತಿರುಗಿಸಿದ್ದನ್ನು ನೋಡಿದ್ದೇನೆ. ಆ ಬಲವೆಲ್ಲ ರ್ಯಾಕಿನ ಹಲ್ಲಿಗೂ ಅದಕ್ಕೆ ಕಚ್ಚಿಕೊಂಡ ಸಣ್ಣ ಹಲ್ಲುಚಕ್ರ ಪಿನಿಯನ್‌ಗೂ ಹೋಗುತ್ತದೆ. ಇಲ್ಲಿ ಆ ವಿಷಯದಲ್ಲಿ ಭಾರಿ ಶಿಸ್ತು. ರ್ಯಾಕಿನ ತುದಿಯ ಚಪ್ಪಟೆ ಜಾಗಕ್ಕೆ ಇನ್ನೊಂದು ಸ್ಪ್ಯಾನರ್ ಕೊಟ್ಟು ಗಟ್ಟಿಯಾಗಿ ಹಿಡಿದರು. ಹಳೆ ಲಾಕ್ ವಾಷರ್ ಎಸೆದು ಹೊಸದು ಹಾಕಿದರು. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ರೆಂಚ್) ಇಲ್ಲದೆ ಬಿಗಿ ಮಾಡಲಿಲ್ಲ. ನೋಡಿ ಖುಷಿಯಾಯಿತು.

ಇನ್ನೊಂದು, ಸುತ್ತು ಎಣಿಸುವುದು. ಹಳೆ ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತಿಗೆ ಬಂತೋ ಹೊಸದನ್ನೂ ಅಷ್ಟೇ ಸುತ್ತು ಹಾಕಿ ಕಳಿಸಿಬಿಡುತ್ತಾರೆ. ಹೊಸ ರಾಡಿನ ಉದ್ದ ಒಂಚೂರು ಬೇರೆ ಇದ್ದರೂ ಲೆಕ್ಕ ತಪ್ಪುತ್ತದೆ. ಅಲೈನ್‌ಮೆಂಟ್ ಮಾಡುವ ಜಾಗದವರೆಗೆ ಗಾಡಿ ಓಡಿಸೋಕೆ ಅದು ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ. ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸ್ವಲ್ಪ ಆಚೀಚೆ ಆದರೂ ಟೈರಿನ ಒಂದು ಅಂಚು ಸವೆಯುತ್ತಾ ಹೋಗುತ್ತದೆ, ಅದು ಕಣ್ಣಿಗೆ ಬೀಳುವಷ್ಟರಲ್ಲಿ ಟೈರೇ ಹೋಗಿರುತ್ತದೆ, ಅಲ್ವಾ? ನಟ್ ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ನಿನ ತೂತು ಸರಿ ಕೂರಲಿಲ್ಲ ಅಂತ ನಟ್ಟನ್ನು ಸಡಿಲಿಸುವುದೂ ತಪ್ಪು. ನಟ್ಟಿನ ಮುಂದಿನ ಸೀಳು ತೂತಿಗೆ ಸರಿ ಬರುವವರೆಗೆ ಬಿಗಿ ಮಾಡಿಯೇ ಪಿನ್ ಹಾಕಬೇಕು.

ಅಲೈನ್‌ಮೆಂಟ್ ಆಗುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಲಾಕ್ ನಟ್ ಬಿಚ್ಚಿ ರಾಡ್ ತಿರುಗಿಸಿದಾಗ ಬೂಟೂ ಜೊತೆಗೇ ತಿರುಚಿಕೊಂಡಿತು. ಹಾಗೇ ಬಿಟ್ಟರೆ ಅದು ಹರಿದು ದೂಳು, ನೀರು ಹೊಸ ಜಾಯಿಂಟಿಗೆ ಇಳಿಯುತ್ತದೆ. ಹುಡುಗನಿಗೆ ತೋರಿಸಿದೆ. ಅವನು ಸಣ್ಣ ಕ್ಲಿಪ್ ಸಡಿಲಿಸಿದ, ಬೂಟಿನ ಮಡಿಕೆಗಳೆಲ್ಲ ನೆಟ್ಟಗಾದವು, ಕ್ಲಿಪ್ ಮತ್ತೆ ಹಾಕಿದ.