ವಿಯೆಕೆಸ್‌ಗೆ ಹೋಗೋದಾದ್ರೆ ಅಮಾವಾಸ್ಯೆ ನೋಡ್ಕೊಂಡ್ ಹೋಗಿ

ಫೋಟೋ ಹಾಕಿದ ದಿನದಿಂದ ಒಂದೇ ಪ್ರಶ್ನೆ ಬರ್ತಾ ಇದೆ, "ಅಲ್ಲಿ ಬೀಚ್ ಹತ್ರ ಒಂಟಿ ಮನೆ ತಗೊಂಡಿದ್ರಲ್ಲ, ಐದು ದಿನ ಏನ್ ಮಾಡಿದ್ರಿ, ಬೋರ್ ಆಗ್ಲಿಲ್ವಾ" ಅಂತ. ಒಬ್ಬೊಬ್ರಿಗೂ ಉತ್ತರ ಬರೆಯೋ ಬದ್ಲು ಇಲ್ಲೇ ಬರೀತೀನಿ, ಉದ್ದ ಆಗತ್ತೆ, ಪುರುಸೊತ್ತಿದ್ದಾಗ ಓದಿ.

ವಿಯೆಕೆಸ್ ಅಂದ್ರೆ ಪೋರ್ಟೊ ರಿಕೊದ ಪೂರ್ವಕ್ಕಿರೋ ಚಿಕ್ಕ ದ್ವೀಪ. ಉದ್ದ ಸುಮಾರು 34 ಕಿ.ಮೀ., ಅಗಲ ಆರೇಳು ಕಿ.ಮೀ., ಜನ ಎಂಟು ಸಾವಿರ ಚಿಲ್ಲರೆ. ಅಮೆರಿಕಕ್ಕೆ ಸೇರಿದ ಜಾಗ ಆದ್ದರಿಂದ ಎಚ್‌ಒನ್‌ಬಿ ಅನ್ನೋ ಕೆಲಸದ ವೀಸಾ ಮೇಲಿದ್ದು, ಹೊರಗೆ ಹೋದ್ರೆ ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ಆಗ್ಬೇಕಲ್ಲ ಅನ್ನೋ ಭಯಕ್ಕೆ ದೇಶ ಬಿಟ್ಟು ಕದಲದೆ ಕೂತಿರೋ ನಮ್ಮಂಥೋರಿಗೆ ಕೆರಿಬಿಯನ್ ಸಮುದ್ರ ನೋಡೋಕೆ ಇದು ಸುಲಭದ ದಾರಿ, ನ್ಯೂಜೆರ್ಸಿಯಿಂದ ಇದು ಡೊಮೆಸ್ಟಿಕ್ ಫ್ಲೈಟೇ, ಆದ್ರೂ ಪಾಸ್‌ಪೋರ್ಟು, ವೀಸಾ ಪೇಪರು ಜೊತೇಲಿ ಇಟ್ಕೊಳ್ಳಿ. ಸಾನ್ ಹ್ವಾನ್‌ನಲ್ಲಿ ಇಳಿದು, ಸೇಯ್ಬಾ ಅನ್ನೋ ಊರಿಗೆ ಬಂದು ಅಲ್ಲಿಂದ ಫೆರ್ರಿ, ಇಲ್ಲಾಂದ್ರೆ ಪುಟ್ಟ ವಿಮಾನ. ಬಾಡಿಗೆ ಕಾರನ್ನ ಫೆರ್ರಿ ಹತ್ತಿಸೋಕೆ ಬಿಡಲ್ಲ, ದ್ವೀಪಕ್ಕೆ ಹೋಗಿ ಅಲ್ಲೇ ಜೀಪ್ ತಗೋಬೇಕು, ಮುಂಚೇನೇ ಬುಕ್ ಮಾಡಿ.

ಈಗ ವಿಷಯಕ್ಕೆ ಬರ್ತೀನಿ. ನಾವು ಮೊದಲ ಸಲ ಹೋಗಿದ್ದು ಕ್ರಿಸ್‌ಮಸ್ ರಜೇಲಿ, ರಜೆ ಯಾವಾಗ ಸಿಗತ್ತೋ ಆವಾಗ ಅಂತ. ಹೋದ್ರೆ ಹುಣ್ಣಿಮೆ. ಮೊಸ್ಕಿಟೊ ಬೇ ಅನ್ನೋ ಕೊಲ್ಲಿಗೆ ಕರ್ಕೊಂಡು ಹೋಗೋ ಟೂರ್‌ನೋರು "ಈ ವಾರ ಏನೂ ಕಾಣಲ್ಲ" ಅಂದ್ರು. ಅಷ್ಟು ದೂರ ಹೋಗಿ ಅದೊಂದನ್ನ ನೋಡದೆ ವಾಪಸ್ ಬಂದಿದ್ದು ನನಗೆ ವರ್ಷಪೂರ್ತಿ ಕೊರೀತಾನೇ ಇತ್ತು. ಆ ಕೊಲ್ಲಿ ನೀರು ರಾತ್ರಿ ಹೊಳೆಯತ್ತೆ, ಬೆಳದಿಂಗಳಿದ್ರೆ ಅದು ಸರಿಯಾಗಿ ಕಾಣಲ್ಲ. ಜಗತ್ತಲ್ಲೇ ಅತಿ ಹೆಚ್ಚು ಬೆಳಗೋ ಕೊಲ್ಲಿ ಅಂತ ಗಿನ್ನೆಸ್ ದಾಖಲೆ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು, ಒಂದೊಂದು ಲೀಟರ್ ನೀರಲ್ಲೂ ಲಕ್ಷದ ಲೆಕ್ಕದಲ್ಲಿ ಇರ್ತವೆ, ಯಾರಾದ್ರೂ ಮುಟ್ಟಿದ್ರೆ ಅಲುಗಾಡಿಸಿದ್ರೆ ಕ್ಷಣ ಮಾತ್ರ ನೀಲಿ ಬೆಳಕು ಚಿಮ್ಮಿಸ್ತವೆ. ಸುತ್ತ ಕಾಂಡ್ಲಾ ಗಿಡ, ಅದರ ಎಲೆ ಉದುರಿ ಕೊಳೆತು ಇವಕ್ಕೆ ಪೋಷಣೆ, ಕೊಲ್ಲಿ ಬಾಯಿ ಕಿರಿದಾಗಿರೋದ್ರಿಂದ ಸಮುದ್ರ ಇವನ್ನ ಎಳ್ಕೊಂಡು ಹೋಗಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಂದಾಗ ಕೊಲ್ಲಿ ಪೂರ್ತಿ ಕಪ್ಪಾಗಿ ತಿಂಗಳುಗಟ್ಟಲೆ ಹೊಳೀಲೇ ಇಲ್ಲ, ಆಮೇಲೆ ತಾನಾಗೇ ಚೇತರಿಸ್ಕೊಂಡಿತು.

ಈ ಸಲ ಫೆಬ್ರವರಿ ರಜೇಲಿ ಅಮಾವಾಸ್ಯೆ ಬೀಳತ್ತೆ ಅಂತ ನೋಡಿ ಟಿಕೆಟ್ ಮಾಡಿದೆ. ಆರು ತಿಂಗಳಿಗೆ ಅಂತ ಬಂದಿದ್ದ ಅಮ್ಮ ಮಾತ್ರ ಸುತಾರಾಂ ಒಪ್ಪಲಿಲ್ಲ, "ಅಮಾವಾಸ್ಯೆ ದಿನ ಮನೆ ಬಿಟ್ಟು ಹೊರಡ್ತಾರೇನೇ, ಅದೂ ಮಕ್ಕಳನ್ನ ಕಟ್ಕೊಂಡು ರಾತ್ರಿ ನೀರಿನ ಮೇಲೆ" ಅಂತ. ಕೊನೆಗೆ ತ್ರಯೋದಶಿಗೇ ಮನೆ ಬಿಟ್ವಿ. ಅಮ್ಮ ತೀರ್ಥಹಳ್ಳಿ ಕಡೆಯೋಳು, ಚಿಕ್ಕವಳಿದ್ದಾಗ ದೋಣೀಲಿ ತುಂಗೆ ದಾಟಿ ಸ್ಕೂಲಿಗೆ ಹೋದೋಳು, ಕಯಾಕ್ ಅನ್ನೋ ಪುಟ್ಟ ದೋಣೀಲಿ ನನಗಿಂತ ನೆಟ್ಟಗೆ ಕೂತಿದ್ಲು. ಆ ದೋಣಿ ಅಡಿ ಪಾರದರ್ಶಕ. ದಡದಿಂದ ಸ್ವಲ್ಪ ದೂರ ಹೋಗ್ತಿದ್ದಂಗೆ ಹುಟ್ಟು ನೀರಿಗೆ ತಾಗಿದ ಜಾಗದಲ್ಲೆಲ್ಲ ನೀಲಿ ಹೊಗೆ ಎದ್ದಂಗೆ, ಹುಟ್ಟು ಎತ್ತಿದ್ರೆ ಅದರಿಂದ ತೊಟ್ಟಿಕ್ಕೋ ಒಂದೊಂದು ಹನಿಯೂ ಬಿದ್ದಲ್ಲಿ ಒಂದು ಕಿಡಿ. ನಮ್ಮ ಕಾಲಡೀಲಿ ಒಂದು ಮೀನು ಸರಕ್ಕಂತ ಓಡಿತು, ಮೀನು ಕಾಣಲಿಲ್ಲ, ಅದು ಓಡಿದ ಗೆರೆ ಮಾತ್ರ ಕಾಣ್ತು. ಅಮ್ಮ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ "ಎಳ್ಳಮಾವಾಸ್ಯೆ ತೆಪ್ಪೋತ್ಸವದಲ್ಲಿ ತುಂಗೆ ಹಿಂಗೇ ಕಾಣ್ತಿತ್ತು ಕಣೇ, ಅಲ್ಲಿ ದೀಪ ನಾವು ಹಚ್ತಿದ್ವಿ" ಅಂದ್ಲು.

ಕೊಲ್ಲೀಲಿ ಈಜೋ ಹಾಗಿಲ್ಲ, 2007ರಿಂದ ನಿಷೇಧ. ಮೈಗೆ ಹಚ್ಚಿದ ಸನ್‌ಸ್ಕ್ರೀನ್, ಸೊಳ್ಳೆ ಸ್ಪ್ರೇ ಎಲ್ಲ ಆ ಜೀವಿಗಳಿಗೆ ವಿಷ. ಯಾರಾದ್ರೂ "ಒಂದ್ಸಲ ಇಳಿದ್ರೆ ಏನಾಗತ್ತೆ" ಅಂದ್ರೆ ದಯವಿಟ್ಟು ತಡೀರಿ.

ಇನ್ನು ಹಗಲು. ದ್ವೀಪದಲ್ಲಿ ಬೀಚ್‌ಗಳಿಗೆ ಸ್ಪ್ಯಾನಿಷ್ ಹೆಸರೂ ಇದೆ, ರೆಡ್ ಬೀಚ್, ಬ್ಲೂ ಬೀಚ್, ಗ್ರೀನ್ ಬೀಚ್ ಅಂತ ಬಣ್ಣದ ಹೆಸರೂ ಇದೆ. ಬಣ್ಣದ ಹೆಸರಿಟ್ಟಿದ್ದು ಅಮೆರಿಕದ ನೌಕಾಪಡೆ. 1940ರ ದಶಕದಲ್ಲಿ ಜನರನ್ನ ಒಕ್ಕಲೆಬ್ಬಿಸಿ ದ್ವೀಪದ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಜಾಗ ತಗೊಂಡ್ರು, ಪೂರ್ವದ ಕಡೆ ದಶಕಗಟ್ಟಲೆ ಬಾಂಬ್ ಹಾಕಿ ಅಭ್ಯಾಸ ಮಾಡಿದ್ರು. 1999ರ ಏಪ್ರಿಲ್ 19ರಂದು ಗುರಿ ತಪ್ಪಿದ ಬಾಂಬ್‌ಗೆ ಅಲ್ಲೇ ಕಾವಲು ಕೆಲಸದಲ್ಲಿದ್ದ ಡೇವಿಡ್ ಸಾನೆಸ್ ಅನ್ನೋ ಊರಿನ ಮನುಷ್ಯ ಸತ್ತ. ಆಮೇಲೆ ಜನ ಬಾಂಬ್ ಬೀಳೋ ಜಾಗಕ್ಕೇ ಹೋಗಿ ಟೆಂಟ್ ಹಾಕ್ಕೊಂಡು ಕೂತ್ರು, ಸಾವಿರಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು, 2003ರ ಮೇ 1ಕ್ಕೆ ನೌಕಾಪಡೆ ಜಾಗ ಖಾಲಿ ಮಾಡ್ತು. ಆ ಜಾಗದಲ್ಲಿ ಬಹುಪಾಲು ಈಗ ವನ್ಯಜೀವಿಧಾಮ. ನಾವು "ಅಯ್ಯೋ ಎಷ್ಟು ನಿರ್ಜನ, ಒಂದು ಹೋಟೆಲ್ ಕೂಡ ಇಲ್ಲ" ಅಂತ ಖುಷಿಪಡೋ ಬೀಚ್ ನಿರ್ಜನವಾಗಿ ಉಳಿದಿದ್ದು ಈ ಕಾರಣಕ್ಕೆ. ಸಿಡಿಯದ ಮದ್ದುಗುಂಡು ಇನ್ನೂ ಇದೆ, ತೆಗೆಯೋ ಕೆಲಸ ನಡೀತಾನೇ ಇದೆ, ಬೋರ್ಡ್ ಹಾಕಿ ಮುಚ್ಚಿರೋ ಕಡೆ ಫೋಟೋಗೋಸ್ಕರ ಹೋಗಲೇಬೇಡಿ. ಇದನ್ನ ತಿಳ್ಕೊಳ್ಳದೆ ಆ ಮರಳ ಮೇಲೆ ಮಲಗಿ ಬರೋದು ಸರಿ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಸಬೆಲ್ ಸೆಗುಂಡಾ ಊರಲ್ಲಿ ಸ್ಪ್ಯಾನಿಷರು ಕಟ್ಟಿದ ಕೋಟೆ ಇದೆ, ಈಗ ಮ್ಯೂಸಿಯಂ, ದ್ವೀಪದ ಕಥೆ ಅಲ್ಲಿ ಸಿಗತ್ತೆ. ತೆಗೆದಿದೆಯಾ ಅಂತ ಕೇಳ್ಕೊಂಡು ಮಕ್ಕಳನ್ನ ಕರ್ಕೊಂಡು ಹೋಗಿ.

ಮಕ್ಕಳಿಗೆ ಮೀಡಿಯಾ ಲೂನಾ ಬೀಚ್ ಒಳ್ಳೇದು, ತುಂಬಾ ದೂರ ಹೋದ್ರೂ ನೀರು ಸೊಂಟದ ಮಟ್ಟ. ನನ್ನ ಮಗಳಿಗೆ ಹಿಡಿಸಿದ್ದು ಪ್ಲಾಯಾ ನೆಗ್ರಾ, ಒಣಗಿದ ತೊರೆ ಹಾದೀಲಿ ಕಾಲು ಗಂಟೆ ನಡೆದ್ರೆ ಕಪ್ಪು ಮರಳು. ಅದರಲ್ಲಿ ಕಬ್ಬಿಣದ ಅಂಶ ಇರತ್ತೆ. ಬಾಡಿಗೆ ಮನೆ ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ಟನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬಂದು ಮರಳಿಗೆ ಹಿಡಿದ್ಲು, ಬೆಕ್ಕಿನ ಮೀಸೆ ಥರ ಕಪ್ಪು ಕೂದಲು ಎದ್ದು ನಿಂತವು. ಅರ್ಧ ದಿನ ಅಲ್ಲೇ ಕಳೀತು.

ಊಟದ ಚಿಂತೆ ಬೇಡ, ಅಡುಗೆಮನೆ ಇರೋ ಮನೆ ತಗೊಳ್ಳಿ. ಅವರು ಹಬ್ಬಹರಿದಿನಕ್ಕೆ ಮಾಡೋ ಅನ್ನದಲ್ಲಿ ಹಾಕೋ ಗಂಡೂಲೆಸ್ ಅಂದ್ರೆ ನಮ್ಮ ತೊಗರಿಕಾಳೇ, ನಮ್ಮ ದೇಶದಿಂದ ಆಫ್ರಿಕಾಗೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಕೆರಿಬಿಯನ್ ಮುಟ್ಟಿದ ಕಾಳು. ಹೋಟೆಲಲ್ಲಿ ಅದಕ್ಕೆ ಹಂದಿ ಮಾಂಸ ಸೇರಿಸಿರ್ತಾರೆ, ಸಸ್ಯಾಹಾರಿಗಳು ಕೇಳಿ ತಿನ್ನಿ. ಅಮ್ಮ ಅಂಗಡೀಲಿ ಹಸಿ ತೊಗರಿಕಾಯಿ ನೋಡಿ ತಂದು ಸುಲಿದು ಸಾರು ಮಾಡಿದ್ಲು, ತೆಂಗಿನಕಾಯಿ ಅಂಗಳದ್ದೇ. ನೀರು ಹದವಾಗಿ ಬಳಸಿ, ದ್ವೀಪಕ್ಕೆ ಕುಡಿಯೋ ನೀರು ಬರೋದೇ ದೊಡ್ಡ ದ್ವೀಪದಿಂದ ಸಮುದ್ರದಡಿ ಹಾಕಿರೋ ಪೈಪಲ್ಲಿ. ವಯಸ್ಸಾದೋರ ಮಾತ್ರೆ ಎರಡು ವಾರದ್ದು ಜಾಸ್ತಿ ಇಟ್ಕೊಳ್ಳಿ. ಮರಿಯಾದಲ್ಲಿ ಆಸ್ಪತ್ರೆ ಹಾಳಾದ ಮೇಲೆ ವರ್ಷಗಟ್ಟಲೆ ಹೊಸದು ಏಳಲೇ ಇಲ್ಲ, ಡಯಾಲಿಸಿಸ್‌ಗೆ ಊರಿನೋರು ವಿಮಾನ ಹತ್ತಿ ಹೋಗಬೇಕಾಗಿತ್ತು. ಅದನ್ನ ಕೇಳಿ ನನಗೆ ಹೊಟ್ಟೆ ಉರೀತು.

ಇನ್ನೊಂದು. ನಮ್ಮ ಮನೆ ಜಗಲೀಲಿ ಸಮುದ್ರಕ್ಕೆ ಮುಖ ಮಾಡಿ ಒಂದು ದೊಡ್ಡ ಫ್ಲಡ್‌ಲೈಟ್ ಇತ್ತು, ಸಂಜೆ ಆದ್ರೆ ತಾನೇ ಹತ್ಕೊಳ್ಳೋದು. ಆ ಮರಳಲ್ಲಿ ಕಡಲಾಮೆಗಳು ಮೊಟ್ಟೆ ಇಡ್ತವೆ, ಮರಿ ಹೊರಗೆ ಬಂದಾಗ ಬೆಳಕಿದ್ದ ಕಡೆ ಸಮುದ್ರ ಅಂದ್ಕೊಂಡು ಮನೆ ಕಡೆ ತೆವಳಿ ಸಾಯ್ತವೆ. ಮನೆಯೋರಿಗೆ ಮೆಸೇಜ್ ಮಾಡಿದ್ರೆ "ಗೆಸ್ಟ್‌ಗಳೇ ಲೈಟ್ ಬೇಕು ಅಂತ ಕಂಪ್ಲೇಂಟ್ ಮಾಡ್ತಾರೆ" ಅಂದ್ರು. ಹಿಂದ್ಗಡೆ ಸ್ವಿಚ್ ಹುಡುಕಿ ಆರಿಸಿದ್ವಿ. ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಹತ್ತು ಹದಿನೈದು ನಿಮಿಷ ಆಯ್ತು, ಆಮೇಲೆ ಆಕಾಶಗಂಗೆ ಈ ತುದಿಯಿಂದ ಆ ತುದಿಗೆ. ಉಳಿದ ರಾತ್ರಿಗಳೆಲ್ಲ ಚಾಪೆ ಹಾಸ್ಕೊಂಡು ಅಲ್ಲೇ ಬಿದ್ಕೊಂಡಿದ್ವಿ.

ಬುಕ್ ಮಾಡೋವಾಗ್ಲೇ ಕೇಳಿ, ಸಮುದ್ರದ ಕಡೆ ಲೈಟ್ ಆರಿಸಬಹುದಾ ಅಂತ. ನಾಲ್ಕು ಗೆಸ್ಟ್ ಕೇಳಿದ್ರೆ ಅವರೇ ಆರಿಸ್ತಾರೆ. ಅಮಾವಾಸ್ಯೆ ತಾರೀಖಿಗೆ ಮೊಬೈಲಲ್ಲೇ ಪಂಚಾಂಗ ಇರತ್ತೆ, ಗೊತ್ತಾಗದಿದ್ರೆ ಕಾಮೆಂಟಲ್ಲಿ ಯಾವ ತಿಂಗಳು ಅಂತ ಹಾಕಿ, ಅಮ್ಮನ್ನ ಕೇಳಿ ಹೇಳ್ತೀನಿ.