ದಿನಾ ಒಂದು ಆಸ್ಪಿರಿನ್: ಎಲ್ಲರಿಗೂ ಅಲ್ಲ

‘ಅರವತ್ತು ದಾಟಿದವರೆಲ್ಲ ದಿನಾ ಒಂದು ಆಸ್ಪಿರಿನ್ ನುಂಗಿ, ಹಾರ್ಟ್ ಅಟ್ಯಾಕ್ ಹತ್ತಿರ ಸುಳಿಯಲ್ಲ’ ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಹಾರ್ಟ್ ಅಟ್ಯಾಕ್ ಆದವರಿಗೆ ಕೂಡಲೇ ಆಸ್ಪಿರಿನ್ ಶುರುಮಾಡಿ ಒಂದು ತಿಂಗಳು ಕೊಟ್ಟರೆ ಸಾವು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು 1988ರಲ್ಲೇ ದೊಡ್ಡ ಸಂಶೋಧನೆಯೊಂದು ತೋರಿಸಿತು. ಆದರೆ ಹೃದಯದ ಕಾಯಿಲೆಯೇ ಇಲ್ಲದವರ ಕಥೆ ಬೇರೆ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದ ‘ಆಸ್‌ಪ್ರೀ’ ಅಧ್ಯಯನದಲ್ಲಿ 19,114 ಹಿರಿಯರಿದ್ದರು, ಬಹುಪಾಲು 70 ದಾಟಿದವರು. ಅರ್ಧ ಜನರಿಗೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಸುಮ್ನೆ ಮಾತ್ರೆ. 2018ರಲ್ಲಿ ಫಲಿತಾಂಶ ಬಂತು. ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ತೀವ್ರ ರಕ್ತಸ್ರಾವ ಮಾತ್ರ ಜಾಸ್ತಿ: ಆಸ್ಪಿರಿನ್ ತಗೊಂಡವರಲ್ಲಿ ನೂರಕ್ಕೆ 3.8, ಉಳಿದವರಲ್ಲಿ 2.8.

ಕಾರಣ ಸರಳ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಒಂದಕ್ಕೊಂದು ಅಂಟದಂತೆ ಆಸ್ಪಿರಿನ್ ತಡೆಯುತ್ತದೆ. ಹೃದಯದ ನಾಳಕ್ಕೆ ಅದು ಒಳ್ಳೆಯದೇ, ಹೊಟ್ಟೆಯೊಳಗೆ ಹುಣ್ಣಿದ್ದರೆ ಅಲ್ಲೂ ರಕ್ತ ನಿಲ್ಲೋದಿಲ್ಲ ಅಲ್ವಾ?

ಇನ್ನೊಂದು ಮಾತು. ಹೃದಯದ ನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಅಟ್ಯಾಕ್ ಆದವರು ಇದನ್ನು ಓದಿ ಮಾತ್ರೆ ಬಿಡಬೇಡಿ. ನಿಮ್ಮ ಡಾಕ್ಟರ್ ಬರೆದುಕೊಟ್ಟಿದ್ದರೆ ಅದನ್ನು ಅವರನ್ನು ಕೇಳದೆ ನಿಲ್ಲಿಸಲೇಬಾರದು.