ಸೀಬೆಹಣ್ಣಿನಲ್ಲಿ ಪ್ರೋಟೀನ್ ಎಷ್ಟು?

ಮೊನ್ನೆ ಸೀಬೆಹಣ್ಣಿನ ಗಾಡಿಯ ಹತ್ತಿರ, ಜಿಮ್ಮಿನಿಂದ ನೇರ ಬಂದಂತಿದ್ದ ಹುಡುಗನೊಬ್ಬ ಹಣ್ಣನ್ನು ಮೂಸಲಿಲ್ಲ, ಒತ್ತಿ ನೋಡಲಿಲ್ಲ, "ಅಣ್ಣ, ಇದ್ರಲ್ಲಿ ಪ್ರೋಟೀನ್ ಎಷ್ಟಿರುತ್ತೆ?" ಅಂದ. ಗಾಡಿಯವನು ತಕ್ಕಡಿಯಿಂದ ತಲೆ ಎತ್ತದೆ, "ಕೆಜಿ ನೂರಿಪ್ಪತ್ತು" ಅಂದ.

ಲೆಕ್ಕಕ್ಕೆ ಕೂತರೆ ಹಣ್ಣು ಸೋಲುತ್ತದೆ, ಒಪ್ಪಿದೆ. 100 ಗ್ರಾಂ ಸೀಬೆಯಲ್ಲಿ ಹೆಚ್ಚೆಂದರೆ ಎರಡೂವರೆ ಗ್ರಾಂ, ಬಾಳೆಹಣ್ಣಿನಲ್ಲಿ ಒಂದರ ಆಸುಪಾಸು. ಡಬ್ಬದ ಪ್ರೋಟೀನ್ ಪುಡಿ ಒಂದೇ ಅಳತೆಗೆ 20–25 ಗ್ರಾಂ ಕೊಡುತ್ತದೆ. ಆದರೆ ಸಿ ಜೀವಸತ್ವದಲ್ಲಿ ಇದೇ ಸೀಬೆ ಕಿತ್ತಳೆಯನ್ನು ಎಷ್ಟೋ ಹಿಂದೆ ಹಾಕುತ್ತದೆ, ನಾರಂತೂ ಹೇಳುವುದೇ ಬೇಡ. ಅದನ್ನು ಯಾವ ಹುಡುಗನೂ ಕೇಳುವುದಿಲ್ಲ.

ನನಗೆ ಇದೆಲ್ಲ ಯಾಕೆ ಗೊತ್ತೆಂದರೆ, ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದಾನೆ. ಬೆಳಗಿನ ಜಾವ ಅವನು ಆ ಪುಡಿ ಕಲಕುವ ಶೇಕರ್ ಬಾಟಲಿಯೊಳಗಿನ ಸ್ಪ್ರಿಂಗ್ ಉಂಡೆ ಲಟಲಟ ಅನ್ನುವಾಗ ನನ್ನ ಸುಪ್ರಭಾತ. ಸದ್ದನ್ನಾದರೂ ಸಹಿಸಬಹುದು. ಕುಡಿದ ಬಾಟಲಿಯನ್ನು ತೊಳೆಯದೆ ಮುಚ್ಚಳ ಬಿಗಿದು ಬ್ಯಾಗಿನಲ್ಲಿಟ್ಟು, ಸಂಜೆ ಅಡುಗೆಮನೆಯಲ್ಲಿ ತೆರೆಯುತ್ತಾನಲ್ಲ, ಆಗ ಒಗ್ಗರಣೆಯ ಇಂಗೂ ಸೋತು ಕೂರುತ್ತದೆ. ಒಮ್ಮೆ ಬಾಟಲಿ ಸೋಫಾದ ಹಿಂದೆ ಉರುಳಿಹೋಗಿತ್ತು. ನನ್ನ ಹೆಂಡತಿ ಇಲಿ ಸತ್ತಿದೆ ಎಂದು ಬೀರು ಜರುಗಿಸಿದಳು, ಪಕ್ಕದ ಮನೆಯವರು ಚರಂಡಿ ಕಟ್ಟಿದೆ ಎಂದು ಪಾಲಿಕೆಗೆ ಫೋನ್ ಮಾಡಿದರು. ಬಾಟಲಿ ಸಿಕ್ಕಾಗ ಇವನು, "ಓ, ಇಲ್ಲಿತ್ತಾ!" ಎಂದು ಸಂತೋಷಪಟ್ಟ.

ಅವನ ಪುಡಿಯ ಮೂಲ ಹಾಲು ಒಡೆದಾಗ ಉಳಿಯುವ ನೀರು. ನಮ್ಮಮ್ಮ ಹಾಲು ಒಡೆದರೆ ಗಟ್ಟಿಗೆ ಸಕ್ಕರೆ ಹಾಕಿ ಕೆದಕಿ ನಮಗೆ ಕೊಟ್ಟು, ನೀರನ್ನು ಚಪಾತಿ ಹಿಟ್ಟಿಗೆ ಸುರಿಯುತ್ತಿದ್ದಳು. ಚೀಸ್ ಕಾರ್ಖಾನೆಯಲ್ಲಿ ಅಂಥದ್ದೇ ನೀರನ್ನು ಸೋಸಿ, ಒಣಗಿಸಿ, ಪುಡಿ ಮಾಡುತ್ತಾರೆ. ಮೇಲೆ ಚಾಕೊಲೇಟ್ ವಾಸನೆ, ತೋಳು ಉಬ್ಬಿಸಿದವನ ಚಿತ್ರ, ಸಾವಿರಾರು ರೂಪಾಯಿ. ಇದನ್ನು ಹೇಳಿದ್ದಕ್ಕೆ, "ಮಾವ, ಅದು ಬೇರೆ, ಇದು ಬೇರೆ" ಅಂದ. ಹೇಗೆ ಬೇರೆ ಅಂತ ಹೇಳಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟಿಗಾಗಿ ಇಂಥ ಪುಡಿಗಳ ಹಿಂದೆ ಹೋಗಬೇಡಿ ಎಂದೇ ಹೇಳಿದೆ. ಆ ಪುಟವನ್ನು ಅವನ ಫೋನಿಗೆ ಕಳಿಸಿದೆ. ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ. ಹಾಗಂತ ಹಣ್ಣು ತಿಂದೇ ಮೈ ಬೆಳೆಸು ಎನ್ನುವಷ್ಟು ದಡ್ಡ ನಾನಲ್ಲ. ಪ್ರೋಟೀನ್ ಬೇಕಿದ್ದರೆ ಕಡಲೆಕಾಯಿ ಇದೆ, ಮೊಟ್ಟೆ ಇದೆ, ಹೆಸರುಬೇಳೆ ಕೋಸಂಬರಿ ಇದೆ. ರಾಮನವಮಿಗೆ ಬೀದಿಯಲ್ಲಿ ನಿಂತು ದೊನ್ನೆ ದೊನ್ನೆ ಕೊಡುವಾಗ ಈ ಹುಡುಗರು ಪಾನಕ ಮಾತ್ರ ಕುಡಿದು ಹೋಗುತ್ತಾರೆ.

ಭಾನುವಾರ ಶೇಕರಿಗೆ ರಜೆ, ಮಿಕ್ಸಿಗೆ ಕೆಲಸ. ಪುಡಿ, ಹಾಲು, ಜೊತೆಗೆ ನಾಲ್ಕು ಏಲಕ್ಕಿ ಬಾಳೆ. ಹಣ್ಣು ಯಾಕಪ್ಪ ಎಂದರೆ, "ಬರೀ ಪುಡಿ ಬಾಯಿಗೆ ಸೇರಲ್ಲ ಮಾವ." ಆ ಬಾಳೆಹಣ್ಣು ನಾನು ಪೂಜೆಗೆಂದು ತಂದಿಟ್ಟದ್ದು.